ಸುತ್ತುವ ಕುದುರೆಯ ಮೇಲೆ ಸಣ್ಣಾಕಿ

ನನ್ನ ಅವಳಿ ಹೆಣ್ಣುಮಕ್ಕಳಿಗೆ ಆಗ ಎರಡು ವರ್ಷ ತುಂಬಿ ಮೂರು ತಿಂಗಳು. ಏಳು ನಿಮಿಷ ಮೊದಲು ಹುಟ್ಟಿದವಳನ್ನು ಮನೆಯಲ್ಲಿ ದೊಡ್ಡಾಕಿ ಎಂದೂ, ಆಮೇಲೆ ಬಂದವಳನ್ನು ಸಣ್ಣಾಕಿ ಎಂದೂ ಕರೆಯುತ್ತಿದ್ದೆವು. ದೊಡ್ಡಾಕಿ ಕಣ್ಣು ಬಿಟ್ಟ ಕೂಡಲೇ ಮಾತು ಶುರು ಮಾಡಿದರೆ ನಿದ್ದೆಯಲ್ಲೂ ನಿಲ್ಲಿಸುತ್ತಿರಲಿಲ್ಲ. ಸಣ್ಣಾಕಿ ಮಾತ್ರ ಇನ್ನೂ ಒಂದೇ ಒಂದು ಮಾತು ಆಡಿರಲಿಲ್ಲ. ಕರೆದರೆ ತಿರುಗುತ್ತಿದ್ದಳು, ನಗುತ್ತಿದ್ದಳು, ಬೇಕಾದದ್ದಕ್ಕೆ ಬೆರಳು ಮಾಡುತ್ತಿದ್ದಳು. "ಕಿವಿ ಚಲೋ ಅದಾವ್ರಿ. ಕೆಲವು ಮಕ್ಕಳು ತಡ ಮಾಡ್ತಾವ, ಕಾಯ್ರಿ" ಎಂದಿದ್ದರು ಡಾಕ್ಟರು. ಕಾಯುವುದು ನನಗೆ ಬರುತ್ತಿರಲಿಲ್ಲ. ಮಂಠಾಳದ ಶಾಲೆಯಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸುವವಳು ನಾನು. ಊರಿನ ಮಕ್ಕಳಿಗೆಲ್ಲ ಬಾಯಿ ಬಿಡಿಸುವವಳ ಮನೆಯಲ್ಲೇ ಹೀಗೆ ಎಂದು ಯಾರೂ ಆಡಿಕೊಂಡಿರಲಿಲ್ಲ. ನಾನೇ ನನಗೆ ಅಂದುಕೊಳ್ಳುತ್ತಿದ್ದೆ.

ಹೈದರಾಬಾದಿನ ಹೊರಗಿರುವ ದೊಡ್ಡ ಆಟದ ಪಾರ್ಕಿಗೆ ಹೋಗೋಣ ಎಂದದ್ದು ನನ್ನ ಗಂಡ. ನಮ್ಮ ಮನೆಯಿರುವ ಬಸವಕಲ್ಯಾಣದಲ್ಲೇ ಅವರದು ಮೊಬೈಲ್ ರಿಪೇರಿ ಅಂಗಡಿ. ಒಂದು ಭಾನುವಾರ ಅಂಗಡಿ ಮುಚ್ಚಿ, ಗೆಳೆಯನ ಕಾರು ಕೇಳಿ ತಂದರು. ನಸುಕಿನಲ್ಲೇ ಹೊರಟೆವು. ಚಳಿಗಾಲದ ಮಂಜು ತೊಗರಿ ಹೊಲಗಳ ಮೇಲೆ ಹಾಲಿನ ಕೆನೆಯಂತೆ ಕೂತಿತ್ತು. ಮರಗಳಿಗೆ ಬುಡವಿಲ್ಲ, ಬರೀ ತಲೆ. ಎದುರಿನ ಲಾರಿಗಳ ದೀಪ ದೂರದಲ್ಲಿ ಹುಟ್ಟಿ, ಹತ್ತಿರ ಬಂದು, ಸದ್ದೇ ಇಲ್ಲದೆ ಕರಗಿದಂತೆ ಕಾಣುತ್ತಿದ್ದವು. ಎರಡೂ ಮಕ್ಕಳು ನನ್ನ ತೊಡೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು.

ಹುಮನಾಬಾದಿನಲ್ಲಿ ಅತ್ತೆಯನ್ನು ಕರೆದುಕೊಂಡೆವು. ಅವರು ಅಲ್ಲೇ ಮಾಣಿಕನಗರದ ಗುಡಿಯ ಮುಂದೆ ಹೂವು, ತೆಂಗಿನಕಾಯಿ ಮಾರುತ್ತಾರೆ. ನಮ್ಮ ಜೊತೆ ಬಂದು ಇರಿ ಎಂದರೆ ಒಪ್ಪುವುದಿಲ್ಲ. ಆ ದಿನ ಹಸಿರು ಇಳಕಲ್ ಸೀರೆ ಉಟ್ಟು, ರೊಟ್ಟಿಯ ಗಂಟು ಹಿಡಿದು ರಸ್ತೆಯ ಬದಿಗೆ ನಿಂತಿದ್ದರು. ಕಾರು ಹತ್ತಿದವರೇ ಸಣ್ಣಾಕಿಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡರು.

"ಏನ್ರಿ ಅತ್ತಿ, ಜಾತ್ರಿಗಿ ಹೊಂಟಂಗ ಗಂಟ ಕಟ್ಟೀರಿ?" ಎಂದೆ.

"ಮಕ್ಕಳ ಹೊಟ್ಟಿ ಕೇಳ್ತದೇನವ್ವಾ ಪಾರ್ಕು-ಗೀರ್ಕು?" ಎಂದರು.

ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲಿ ಗೊತ್ತಾಯಿತು. ಕಾರು ನಿಲ್ಲಿಸುವ ಜಾಗದಲ್ಲೇ ಕೂತು ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು ಒಳಗೆ ಹೋದೆವು.

ಒಳಗೆ ಕಾಲಿಟ್ಟಾಗ ಎಚ್ಚರವಿದ್ದೇ ಕನಸಿಗೆ ಇಳಿದ ಹಾಗಾಯಿತು. ಗುಲಾಬಿ ಗೋಪುರಗಳು, ಎಲ್ಲಿಂದಲೋ ತೇಲಿಬರುವ ಹಾಡು, ಆಕಾಶದಲ್ಲಿ ತಲೆಕೆಳಗಾಗಿ ಕೂಗುತ್ತ ಹೋಗುವ ಜನ. ಆದರೆ ಪ್ರತಿ ಆಟದ ಮುಂದೆಯೂ ಒಂದು ಬಣ್ಣದ ಜಿರಾಫೆ ನಿಂತಿತ್ತು. ಅದರ ಕತ್ತಿನ ಮೇಲಿನ ಗೆರೆ ಮುಟ್ಟದವರಿಗೆ ಪ್ರವೇಶವಿಲ್ಲ. ನನ್ನ ಮಕ್ಕಳ ತಲೆ ಜಿರಾಫೆಯ ಮೊಣಕಾಲಿಗೂ ಬರುತ್ತಿರಲಿಲ್ಲ. ಅವರಿಗೇನೂ ಬೇಸರವಿರಲಿಲ್ಲ. ದೊಡ್ಡಾಕಿ ಒಂದು ಪಾರಿವಾಳದ ಹಿಂದೆ ಬಿದ್ದು ಅದಕ್ಕೆ ಮನೆಯ ಸುದ್ದಿಯನ್ನೆಲ್ಲ ಹೇಳಿದಳು. ನೀರಿನ ಕೊಳದಲ್ಲಿ ಸೊಂಡಿಲಿನಿಂದ ನೀರು ಚಿಮ್ಮಿಸುವ ಸಿಮೆಂಟಿನ ಆನೆ ಕಂಡು ಇಬ್ಬರೂ ಹೆದರಿ ಅತ್ತರು. ಕಡೆಗೆ ಅವರಿಗೆ ಹಿಡಿಸಿದ್ದು ಕೊಳದ ಬದಿಯಲ್ಲಿ ಕಾಲು ತೊಳೆಯುವ ನಲ್ಲಿ. ಅದರ ಕೆಳಗೆ ಅಂಗೈ ಹಿಡಿದು ಅರ್ಧ ತಾಸು ಕೂತರು. ಸಣ್ಣಾಕಿ ಬೆರಳ ಸಂದಿಯಿಂದ ಜಾರುವ ನೀರನ್ನು ಎಷ್ಟು ಗಮನವಿಟ್ಟು ನೋಡುತ್ತಿದ್ದಳೆಂದರೆ, ಏಳಿಸಲು ನನಗೆ ಮನಸ್ಸೇ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೊಡ್ಡಾಕಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಗಂಡ ಮಕ್ಕಳಿಗೆ ಹಾಲು ತರಲು ಹೋಗಿದ್ದರು. ಮರದ ನೆರಳಿನ ಬೆಂಚಿನಲ್ಲಿ ನಾನು ಕೂತೆ. ಎದುರಿಗೇ ಸುತ್ತುವ ಕುದುರೆಗಳು. ಅಲ್ಲಿ ಜಿರಾಫೆ ಇರಲಿಲ್ಲ. ದೊಡ್ಡವರ ಮಡಿಲಲ್ಲಿ ಕೂತರೆ ಎಷ್ಟು ಸಣ್ಣ ಮಕ್ಕಳೂ ಹತ್ತಬಹುದಿತ್ತು.

"ನಾ ಕರ್ಕೊಂಡ ಹೋಗ್ತೀನಿ ತಗೋ" ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಣ್ಣಾಕಿಯನ್ನು ಎತ್ತಿಕೊಂಡು ಒಂದು ಬಿಳಿ ಕುದುರೆಯ ಮೇಲೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತರು.

ಚಕ್ರ ಮೆಲ್ಲಗೆ ತಿರುಗತೊಡಗಿತು. ಹಸಿರು ಸೀರೆ ಬಂತು, ಹೋಯಿತು. ಅದರ ಹಿಂದೆ ಕೆಂಪು ಕುದುರೆ, ನೀಲಿ ಕುದುರೆ, ಕನ್ನಡಿ ಚೂರುಗಳ ಬೆಳಕು. ಮತ್ತೆ ಹಸಿರು ಸೀರೆ. ಸಣ್ಣಾಕಿಯ ಬಾಯಿ ತುಸು ತೆರೆದಿತ್ತು, ಕೂದಲು ಹಾರುತ್ತಿತ್ತು. ನನ್ನ ಕೊರಳಿಗೆ ದೊಡ್ಡಾಕಿಯ ಬಿಸಿ ಉಸಿರು. ಮೂರನೆಯ ಸುತ್ತಿಗೋ ನಾಲ್ಕನೆಯದಕ್ಕೋ ನನ್ನ ಕಣ್ಣು ಮುಚ್ಚಿದವು. ಮುಚ್ಚಿದ ಕಣ್ಣಿನಲ್ಲೂ ಅವರಿಬ್ಬರು ಸುತ್ತುತ್ತಲೇ ಇದ್ದರು. ಈಗ ಕುದುರೆಗಳು ತೊಗರಿ ಹೊಲದ ಮಂಜಿನ ಮೇಲೆ ಓಡುತ್ತಿದ್ದವು, ಅತ್ತೆ ಚಿಕ್ಕ ಹುಡುಗಿಯಾಗಿದ್ದರು.

ಯಾರೋ ಭುಜ ಅಲುಗಾಡಿಸಿದರು. ಅತ್ತೆ. ಏದುಸಿರು ಬಿಡುತ್ತಿದ್ದರು.

"ಕೇಳಿದೇನವ್ವಾ?"

"ಏನ್ರಿ ಅತ್ತಿ? ಏನಾತ್ರಿ?"

"ಮಾತಾಡ್ಯಾಳ! ಕುದರಿ ನಿಂತಿತ್ತು, ಇಳಿಯೂಣು ಬಾ ಅಂದೆ. ಕುದರಿ ಕೊಳ್ಳ ಗಟ್ಟಿ ಹಿಡಕೊಂಡು 'ಬ್ಯಾಡ' ಅಂದ್ಳು."

ನಾನು ಸಣ್ಣಾಕಿಯ ಮುಖ ನೋಡಿದೆ. ಅವಳು ಕುದುರೆಯ ಕಡೆಗೇ ನೋಡುತ್ತಿದ್ದಳು. "ಏನಂದಿ ಬಂಗಾರ? ಇನ್ನೊಂದ ಸಲ ಅನ್ನು" ಎಂದೆ. ನಕ್ಕಳು. ಅಷ್ಟೇ.

ಹಾಲು ಹಿಡಿದುಕೊಂಡು ಬಂದ ಗಂಡ ಎಲ್ಲ ಕೇಳಿ, "ಅವ್ವಾ, ಈ ಗದ್ದಲದಾಗ ನಿನಗ ಹಂಗ ಕೇಳಿಸಿರಬೇಕು" ಎಂದರು.

"ನನ್ನ ಕಿವಿಗಿ ಏನಾಗೇದೋ?" ಎಂದು ಅತ್ತೆ ಸೀದಾ ಕುದುರೆ ನಡೆಸುವವರ ಹತ್ತಿರ ಹೋದರು. ಬಿಳಿ ಮೀಸೆಯ ವಯಸ್ಸಾದ ಮನುಷ್ಯ. ತಮ್ಮ ಹೂವಿನ ಅಂಗಡಿಗೆ ಬರುವವರ ಜೊತೆ ಆಡುವ ಅದೇ ದಖ್ಖನಿ ಉರ್ದುವಿನಲ್ಲಿ ಕೇಳಿದರು: "ಭಾಯ್‌ಸಾಬ್, ಬಚ್ಚಿ ಬಾತ್ ಕರೀ ನಾ?" ಮಗು ಮಾತಾಡಿತಲ್ಲವೇ ಎಂದು.

ಅವರು ಸ್ವಲ್ಪ ಯೋಚಿಸಿ, "ಹೌ ಅಮ್ಮಾ, ಕುಚ್ ತೋ ಬೋಲೀ" ಎಂದರು. ಏನೋ ಒಂದು ಹೇಳಿದಳು ಎಂದು. ಆಮೇಲೆ ನಗುತ್ತ, ಇಳಿಯುವಾಗ ಎಲ್ಲ ಮಕ್ಕಳೂ ಏನಾದರೊಂದು ಹೇಳಿಯೇ ಹೇಳುತ್ತಾರೆ ಎಂದೂ ಸೇರಿಸಿದರು.

ಅತ್ತೆ ಗೆದ್ದ ಮುಖ ಮಾಡಿ ನನ್ನ ಕಡೆ ತಿರುಗಿದರು. ಆದರೆ ನನಗೆ ಅಳು ಬಂದುಬಿಟ್ಟಿತು. ಎರಡು ವರ್ಷ ಕಾದ ಮಾತು. ಅದು ಹೊರಬಿದ್ದ ಗಳಿಗೆಯಲ್ಲಿ ನಾನು ಹತ್ತು ಮಾರು ದೂರದಲ್ಲಿ ಕೂತು ತೂಕಡಿಸುತ್ತಿದ್ದೆ. ಸಣ್ಣಾಕಿಯನ್ನು ಎತ್ತಿಕೊಂಡು ನಾನೇ ಕುದುರೆ ಹತ್ತಿದೆ. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ಸಲ ನಿಂತಾಗಲೂ "ಇಳಿಯೂಣೇನು?" ಎಂದು ಕೇಳಿ ಅವಳ ಬಾಯಿಯನ್ನೇ ನೋಡಿದೆ. ಮೂರು ಸಲವೂ ಅವಳು ಒಳ್ಳೆಯ ಹುಡುಗಿಯಂತೆ ತೋಳು ಚಾಚಿ ಇಳಿದಳು.

ಸಂಜೆಯ ಹೊತ್ತಿಗೆ ಹಿಂತಿರುಗುತ್ತಿದ್ದೆವು. ಸೂರ್ಯ ಗಾಜಿನ ಮುಂದೆಯೇ ಇಳಿಯುತ್ತಿದ್ದ. ಇಡೀ ರಸ್ತೆ ಅರಿಶಿನ ಬಣ್ಣ. ಹುಮನಾಬಾದಿನಲ್ಲಿ ಇಳಿಯುವ ಮುಂಚೆ ಅತ್ತೆ ನನ್ನ ಕೈ ಮೇಲೆ ಕೈಯಿಟ್ಟರು.

"ನೀ ಕೇಳಲಿಲ್ಲ ಅಂತ ಸಂಕಟಾ ಮಾಡ್ಕೋಬ್ಯಾಡವ್ವಾ. ನಾ ಕೇಳೇನಲ್ಲ, ಮನಿಯಾಗ ಒಬ್ಬರು ಕೇಳೇವಿ."

ಅವರು ಹೋದಮೇಲೂ ಕೈಯ ಮೇಲೆ ಅವರ ಅಂಗೈಯ ಒರಟು ಹಾಗೆಯೇ ಉಳಿದಿತ್ತು.

ಸೋಮವಾರ ಏನೂ ಆಗಲಿಲ್ಲ, ಮಂಗಳವಾರವೂ. ಗುರುವಾರ ಬೆಳಿಗ್ಗೆ ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಸಣ್ಣಾಕಿ ಬಾಗಿಲಿಗೆ ಬಂದು ನನ್ನ ಸೀರೆಯ ನೆರಿಗೆ ಹಿಡಿದು, ಮುಖ ಮೇಲೆತ್ತಿ, ಸ್ಪಷ್ಟವಾಗಿ "ಬ್ಯಾಡ" ಎಂದಳು. ಧ್ವನಿ ನಾನು ಅಂದುಕೊಂಡಿದ್ದಕ್ಕಿಂತ ದಪ್ಪಗಿತ್ತು. ಅಲ್ಲೇ ಕೂತು ಅವಳನ್ನು ತಬ್ಬಿಕೊಂಡೆ. ಅವಳು ಇನ್ನೊಂದು ಸಲ "ಬ್ಯಾಡ" ಎಂದಳು, ಈ ಸಲ ನನ್ನ ಅಪ್ಪುಗೆಗೆ.

ಬಸ್ಸಿನಿಂದ ಅತ್ತೆಗೆ ಫೋನ್ ಮಾಡಿದೆ. "ಅತ್ತೀ, ಅಂದ್ಳ್ರಿ! ಬ್ಯಾಡ ಅಂದ್ಳು!"

"ಮತ್ತ? ನಾ ಸುಳ್ಳ ಹೇಳಿದ್ನೇನು?" ಎಂದರು. ಆಚೆ ಯಾರೋ ಹಾರದ ಬೆಲೆ ಕೇಳುತ್ತಿದ್ದರು. "ಗಿರಾಕಿ ನಿಂತಾರ, ಹೂವ ಕಟ್ಟಾಕತ್ತೇನಿ. ಸಂಜಿಗಿ ಆಕಿ ಕೈಯಾಗ ಫೋನ್ ಕೊಡು."

ಕಿಟಕಿಯ ಹೊರಗೆ ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. "ಯಾಕ್ರಿ ಟೀಚರ್, ಇವತ್ತ ಸಾಲಿ ಇಲ್ಲೇನ್ರಿ?" ಎಂದು ಕಂಡಕ್ಟರ್ ಕೇಳಿದಾಗ ಬಸ್ಸು ಮಂಠಾಳ ದಾಟಿ ಹೋಗಿತ್ತು. ಇಳಿದು, ಹೂಬಿಟ್ಟ ಕುಸುಬಿ ಹೊಲಗಳ ಬದಿಯಲ್ಲಿ, ಅವಸರವಿಲ್ಲದೆ ಹಿಂದಕ್ಕೆ ನಡೆದೆ.