ಫಾರ್ಕರ್ ಬೀಟನ್ ಮಟ್ಟು ಮರೆತದ್ದು

ಫಾರ್ಕರ್ ಬೀಟನ್ ಹೋದಷ್ಟು ಮದುವೆಗೆ ನಮ್ಮ ದ್ವೀಪದಲ್ಲಿ ಪಾದ್ರಿಯೂ ಹೋಗಿರಲಿಕ್ಕಿಲ್ಲ. ಆದರೆ ಒಂದು ಮದುವೆಯಲ್ಲೂ ಅವನು ಕುಣಿದವನಲ್ಲ. ಹಾಗೆಯೇ ಅವನು ಹೋಗದ ಮಣ್ಣಿಲ್ಲ, ಆದರೆ ಒಂದು ಶವಪೆಟ್ಟಿಗೆಗೂ ಹೆಗಲು ಕೊಟ್ಟವನಲ್ಲ. ಕೊಡುವುದಾದರೂ ಹೇಗೆ? ಬ್ಯಾಗ್‌ಪೈಪ್ ಊದುವವನ ಕಂಕುಳಲ್ಲಿ ತಿತ್ತಿ, ಭುಜದ ಮೇಲೆ ಶ್ರುತಿಯ ಕೊಳವೆಗಳು, ಎರಡು ಕೈಯ ಬೆರಳೂ ತೂತುಗಳ ಮೇಲೆ, ಬಾಯಿಯೂ ಬಿಡುವಿಲ್ಲ. ಮದುವಣಗಿತ್ತಿಯ ಮುಂದೆಯೂ ಅವನೇ, ಹೆಣದ ಮುಂದೆಯೂ ಅವನೇ. ಊರೆಲ್ಲ ಜೊತೆಜೊತೆಯಾಗಿ ಹಿಂದೆ ಬರುತ್ತದೆ, ಅವನೊಬ್ಬ ಮುಂದೆ ನಡೆಯುತ್ತಾನೆ. ಸೌತ್ ಯೂಯಿಸ್ಟ್ ದ್ವೀಪದ ಈ ತುದಿಯಲ್ಲಿ ಅವನ ಆಯುಸ್ಸೆಲ್ಲ ಹೀಗೇ ಕಳೆಯಿತು.

ಯಾವ ಮನೆಗೆ ಯಾವ ಮಟ್ಟು ಎನ್ನುವುದು ಇಲ್ಲಿ ಹುಡುಗಾಟದ ವಿಷಯವಲ್ಲ. ಯಜಮಾನನನ್ನು ಯಾವ ಮಟ್ಟಿನಲ್ಲಿ ಮಣ್ಣಿಗೆ ಕೊಂಡೊಯ್ದರೋ ಅದು ಆ ಮನೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದೇ ಮನೆಯ ಮದುವೆಯಲ್ಲಿ ಅದನ್ನು ನುಡಿಸಿದರೆ ಮುಗಿಯಿತು. ಒಮ್ಮೆ ಗ್ಲಾಸ್ಗೋದಿಂದ ಬಂದ ಒಬ್ಬ ಊದುವವನು, ಒಳ್ಳೆಯ ಕೈ, ಸಂದೇಹವೇ ಇಲ್ಲ, ತಿಳಿಯದೆ ಹಾಗೆ ಮಾಡಿಬಿಟ್ಟ. ಹುಡುಗಿ ಚರ್ಚಿನ ಬಾಗಿಲಲ್ಲಿ ಹೂಗೊಂಚಲು ಹಿಡಿದುಕೊಂಡೇ ನಿಂತುಬಿಟ್ಟಳು. ಅವಳಪ್ಪ ಅದೇ ಮಟ್ಟಿನ ಹಿಂದೆ ಮಲಗಿ ಹೋಗಿದ್ದ. ಅವಳ ತಾಯಿ ಊಟಕ್ಕೂ ನಿಲ್ಲದೆ ಮನೆಗೆ ಹೋದಳು. ಆ ಮದುವೆಯಲ್ಲಿ ಏನು ಬಡಿಸಿದ್ದರು ಎಂದು ಯಾರಿಗೂ ನೆನಪಿಲ್ಲ, ಏನು ನುಡಿಸಿದರು ಎನ್ನುವುದು ಈಗಲೂ ಎಲ್ಲರಿಗೂ ನೆನಪಿದೆ.

ಫಾರ್ಕರ್ ಅಂಥ ತಪ್ಪು ಒಮ್ಮೆಯೂ ಮಾಡಲಿಲ್ಲ. ಮದುವೆ ಗೊತ್ತಾದವರು, ಸಾವಾದ ಮನೆಯವರು, ಎಲ್ಲರೂ ಅವನ ಅಡುಗೆಮನೆಗೆ ಬಂದು ಕೂರುತ್ತಿದ್ದರು. ಅವನು ಅಭ್ಯಾಸದ ಸಣ್ಣ ಕೊಳವೆಯಲ್ಲಿ ಒಂದೊಂದೇ ಮಟ್ಟು ಮೆಲ್ಲಗೆ ಕೇಳಿಸುತ್ತಿದ್ದ. ಅವನ ನೆನಪಿಗೆ ಸಾಟಿಯಿಲ್ಲ ಎಂದು ದ್ವೀಪವೇ ಹೊಗಳುತ್ತಿತ್ತು. ನಿಜ ಏನೆಂದರೆ, ಆ ನೆನಪು ಅವನದಾಗಿರಲಿಲ್ಲ. ಅದು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದ ಪಕ್ಕದ ಮನೆಯ ವಿಧವೆ ಡೋಲಿನಾಳದು.

"ಅದು ಬೇಡ ಕಣೋ," ಎನ್ನುತ್ತಿದ್ದಳು ಅವಳು, ಹೆಣಿಗೆಯಿಂದ ತಲೆಯನ್ನೂ ಎತ್ತದೆ. "ಈ ಹುಡುಗಿ ಅಜ್ಜ ಅದ್ರಲ್ಲೇ ಹೋಗಿದ್ದು."

"ಅಜ್ಜ ಹೋಗಿದ್ದು ಬೇರೆ ಮಟ್ಟಲ್ಲಿ."

"ನೀನು ಊದ್ತಾ ಮುಂದೆ ಹೋಗ್ತಿದ್ದೆ, ನಿಂಗೇನು ಕೇಳ್ಸುತ್ತೆ? ಹಿಂದೆ ನಡ್ಕೊಂಡು ಬಂದೋಳು ನಾನು. ಅದೇ ಅದು."

ಅದೇ ಆಗಿರುತ್ತಿತ್ತು. ಡೋಲಿನಾಗೆ ಪೈಪು ಹಿಡಿಯಲೂ ಬಾರದು. ಆದರೆ ಹಳಬರು ಮಕ್ಕಳಿಗೆ ಪಾಠ ಹೇಳುತ್ತಿದ್ದಂತೆ ಯಾವ ಮಟ್ಟನ್ನಾದರೂ ಬಾಯಲ್ಲೇ, ಹಿನ್ ಹೊ ಡ್ರೋ ಎಂದು, ಸ್ವರಕ್ಕೆ ಸ್ವರ ಹೇಳಬಲ್ಲಳು. ಪಾತ್ರೆ ತೊಳೆಯುವಾಗಲೂ ಅದೇ. ಬಂದವರು ಫಾರ್ಕರ್‌ನ ಕೈ ಕುಲುಕಿ ಹೋದ ಮೇಲೆ ಅವಳು ನಗುತ್ತಿದ್ದಳು.

"ಎಲ್ರಿಗೂ ಮಟ್ಟು ಆರಿಸಿ ಕೊಟ್ಟೆ ನೀನು, ನಿಂಗೊಂದು ಹೆಂಡ್ತೀನ ಆರಿಸ್ಕೊಳಕ್ಕೆ ಆಗ್ಲಿಲ್ಲ ನೋಡು."

"ಯಾಕೆ ಬೇಕು?"

"ಅದೂ ಸರಿ. ದಿನಾ ಕಿರುಚೋಕೆ ಕಂಕುಳಲ್ಲೇ ಒಂದಿದೆಯಲ್ಲ."

ಅವನೂ ನಗುತ್ತಿದ್ದ. ಆಲೂಗಡ್ಡೆ ಬೇಯುತ್ತಿತ್ತು, ಉಪ್ಪುಮೀನಿನ ವಾಸನೆ ಮನೆಯೆಲ್ಲ. ಊಟ ಮುಗಿಸಿ, ಕತ್ತಲಾಗುವ ಮೊದಲೇ ಅವಳು ಬೇಲಿ ದಾಟಿ ಮನೆಗೆ ಹೋಗುತ್ತಿದ್ದಳು. ಅವನಿಗೆ ಅವಳೆಂದರೆ ಪ್ರಾಣ. ಆ ಮಾತನ್ನು ಅವನು ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಅವಳೂ ಹೇಳಲಿಲ್ಲ. ಊರಿನವರು ಮಾತ್ರ, ಇಬ್ಬರೂ ಒಂದೇ ಒಲೆ ಉರಿಸಿ ಉರುವಲು ಉಳಿಸುತ್ತಾರೆ ಎಂದುಕೊಂಡು ಸುಮ್ಮನಿದ್ದರು.

ವಸಂತ ಕಾಲಿಟ್ಟಾಗ ಡೋಲಿನಾ ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ.

ಮಗಳು ಇಶ್‌ಬೆಲ್ ಶಾಲೆಯ ಬಸ್ಸು ಓಡಿಸುವವಳು. ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ ಫಾರ್ಕರ್‌ನ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು, ಕೆಲಸ ಮಾತ್ರ ನಿಂತಿರಲಿಲ್ಲ. ಅವಳ ಸ್ವಭಾವವೇ ಹಾಗೆ.

"ಮಾಮ, ಅಮ್ಮಂಗೆ ಏನು ನುಡಿಸ್ತೀರಿ?"

"ನೀನೇ ಹೇಳಮ್ಮ."

"ನಂಗೇನು ಗೊತ್ತು? ಊರಿಗೆಲ್ಲ ಆರಿಸಿ ಕೊಟ್ಟೋರು ನೀವು. ಚೆನ್ನಾಗಿರೋದು ಯಾವುದಾದ್ರೂ ನುಡಿಸಿ."

ಆರಿಸಿ ಕೊಟ್ಟವಳು ನಿಮ್ಮಮ್ಮ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹಗ್ಗದ ವಿಷಯ.

ಶವಪೆಟ್ಟಿಗೆಯನ್ನು ಇಲ್ಲಿ ಎಂಟು ಹಗ್ಗಗಳಲ್ಲಿ ಇಳಿಸುತ್ತಾರೆ. ಸತ್ತವರಿಗೆ ಯಾರು ಎಷ್ಟು ಹತ್ತಿರ ಎನ್ನುವುದು ಅವರವರ ಕೈಗೆ ಬಂದ ಹಗ್ಗದಲ್ಲೇ ತಿಳಿಯುತ್ತದೆ. ತಲೆಯ ಕಡೆ ಒಡಹುಟ್ಟಿದವರು, ಮಕ್ಕಳು. ಕಾಲಿನ ಕಡೆಗೆ ಬರುತ್ತಾ ದೂರದವರು. ಮನೆಯವರು ಕರೆದು ಕೊಡಬೇಕು. ಕೇಳಿ ಪಡೆಯುವಂಥದ್ದಲ್ಲ ಅದು. ಕೇಳಿದವನನ್ನು ಊರು ಜನ್ಮವಿಡೀ ಆಡಿಕೊಳ್ಳುತ್ತದೆ. ಪೈಪಿನವನಿಗೆ ಯಾರೂ ಹಗ್ಗ ಕೊಡುವುದಿಲ್ಲ. ಇಳಿಸುವ ಹೊತ್ತಿಗೆ ಅವನು ಪಕ್ಕದ ದಿಬ್ಬದ ಮೇಲೆ ನಿಂತು ಊದುತ್ತಿರಬೇಕು. ಫಾರ್ಕರ್ ತನ್ನ ಸ್ವಂತ ತಾಯಿಗೂ ಊದಿದ್ದನೇ ಹೊರತು ಹಗ್ಗ ಹಿಡಿದಿರಲಿಲ್ಲ. ಆಗ ಅದು ಅವನಿಗೆ ಏನೂ ಅನ್ನಿಸಿರಲಿಲ್ಲ. ಈಗ ಆ ಒಂದು ಹಗ್ಗಕ್ಕೆ ಅವನ ಕೈ ಚಡಪಡಿಸಿತು. ಬದುಕಿದ್ದಾಗ ಹೇಳದೇ ಹೋದದ್ದನ್ನು ಹೇಳಲು ಅವನಿಗೆ ಉಳಿದಿದ್ದ ದಾರಿ ಅದೊಂದೇ.

ಇಶ್‌ಬೆಲ್ ಫೋನು ಇಟ್ಟಳು. "ಹಗ್ಗಕ್ಕೆಲ್ಲ ಜನ ಆಯ್ತು ಮಾಮ. ತಲೆ ಹತ್ರ ನಾನು, ಆಚೆ ಕಡೆ ಅಮ್ಮನ ಅಣ್ಣ. ಕೊನೇದು ಸಮುದ್ರದಾಚೆ ಫೋರ್ಟ್ ವಿಲಿಯಂನಲ್ಲಿರೋ ಅಪ್ಪನ ಕಸಿನ್‌ಗೆ. ದೋಣೀಲಿ ಬರ್ತಾರಂತೆ."

"ಅವನು ನಿಮ್ಮಮ್ಮನ್ನ ಕೊನೇ ಸಲ ನೋಡಿದ್ದು ಯಾವಾಗ?"

"ಅಪ್ಪನ ಮಣ್ಣಿಗೆ ಬಂದಿದ್ರಲ್ಲ."

"ಓ," ಎಂದ ಫಾರ್ಕರ್.

ಅವಳು ಹೋದ ಮೇಲೆ ಅವನು ಕೊಳವೆ ತೆಗೆದುಕೊಂಡು ಕೂತ. ಮೊದಲ ಮಟ್ಟಿನ ಎರಡು ಸಾಲು ಬರುವಷ್ಟರಲ್ಲಿ, ಅದು ಅಂಚೆಯವನ ಹೆಂಡತಿಯದು ಎಂದು ನೆನಪಾಯಿತು. ಇನ್ನೊಂದು, ಮೀನು ಹಿಡಿಯಲು ಹೋಗಿ ವಾಪಸು ಬಾರದ ಅಣ್ಣತಮ್ಮಂದಿರದು. ಮತ್ತೊಂದರಲ್ಲಿ ಇಶ್‌ಬೆಲ್ಲೇ ಗಂಡನ ಕೈ ಹಿಡಿದು ಬಂದಿದ್ದಳು, ಆ ಗಂಡ ಈಗ ಅವಳನ್ನು ಬಿಟ್ಟು ಹೋಗಿದ್ದಾನೆ. ಯಾವುದನ್ನು ಹಿಡಿದರೂ ಯಾರದೋ ಹೆಣ, ಯಾರದೋ ಮದುವೆ ಅದರ ಮೇಲೆ ಕೂತಿತ್ತು. ಬೇಡ ಕಣೋ ಎನ್ನುವವಳು ಇರಲಿಲ್ಲ. ಬೇಡ ಎನ್ನುವುದು ಸುಲಭ, ಅದನ್ನು ಅವನೂ ಕಲಿತಿದ್ದ. ಇದು ಸರಿ ಎನ್ನುವುದಕ್ಕೆ ಅವಳೇ ಬೇಕಿತ್ತು. ಅವನು ಕೊಳವೆ ಕೆಳಗಿಟ್ಟು ಖಾಲಿ ಕುರ್ಚಿಯ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟ.

ಕೊನೆಗೆ ಸಿಕ್ಕಿದ್ದು ಒಂದು ಕುಣಿತದ ಮಟ್ಟು. ಯಾರೂ ಅದನ್ನು ಕೇಳಿಕೊಂಡು ಬಂದವರಲ್ಲ. ಮದುವೆಗೆ ಅದು ಸಪ್ಪೆ, ಸಾವಿಗೆ ಹಗುರ. "ಪಾಪ, ಇದನ್ನ ಯಾರೂ ಕರ್ಕೊಂಡು ಹೋಗಲ್ಲ," ಎಂದು ಡೋಲಿನಾ ಪಾತ್ರೆ ತೊಳೆಯುತ್ತಾ ಅದನ್ನೇ ಗುನುಗುತ್ತಿದ್ದಳು. ಅವನು ಅದನ್ನು ನಿಧಾನ ಮಾಡಿ ನೋಡಿದ, ಇನ್ನೂ ನಿಧಾನ ಮಾಡಿದ. ಹೆಣದ ಮುಂದೆ ನಡೆಯುವ ಹೆಜ್ಜೆಗೆ ಅದು ಹೊಂದಿಕೊಂಡಿತು. ಯಾರ ಗುರುತೂ ಇಲ್ಲದ ಆ ಮಟ್ಟನ್ನು ಅವಳಿಗೆಂದು ಎತ್ತಿಟ್ಟ.

ಮಣ್ಣಿನ ದಿನ ಗಾಳಿಯೋ ಗಾಳಿ. ದೋಣಿ ಹೊರಡಲಿಲ್ಲ, ಫೋರ್ಟ್ ವಿಲಿಯಂನವನು ಬರಲಿಲ್ಲ. ಚರ್ಚಿನ ಹೊರಗೆ ಶ್ರುತಿ ಮಾಡಿಕೊಳ್ಳುತ್ತಿದ್ದ ಫಾರ್ಕರ್‌ನ ಕಿವಿಗೆ ಆ ಸುದ್ದಿ ಬಿತ್ತು. ಒಂದು ಹಗ್ಗ ಖಾಲಿ. ಇಶ್‌ಬೆಲ್ ಜನರ ನಡುವೆ ಯಾರನ್ನೋ ಹುಡುಕುತ್ತಾ, ಅವನನ್ನು ಕಂಡು ನೇರ ಬಂದಳು.

"ಮಾಮ."

"ಹೇಳಮ್ಮ."

"ಮಳೆ ಬರೋ ಹಾಗಿದೆ. ಪೈಪು ನೆನೀದಂಗೆ ನೋಡ್ಕೊಳಿ."

"ಆಗ್ಲಿ."

ಮೆರವಣಿಗೆ ಸಮುದ್ರದ ಕಡೆ ಇಳಿಯಿತು. ಗಂಡಸರು ಸಾಲು ಬದಲಿಸುತ್ತಾ ಹೆಗಲು ಕೊಟ್ಟರು, ಫಾರ್ಕರ್ ಎಂದಿನಂತೆ ಒಬ್ಬನೇ ಮುಂದೆ ನಡೆದ. ಹಿಂದೆ ಯಾರೋ ಇದ್ಯಾವ ಮಟ್ಟಪ್ಪಾ ಎಂದು ಪಿಸುಗುಟ್ಟಿದರು. ಮರಳು ನೆಲದ ಸ್ಮಶಾನದಲ್ಲಿ ಅವನು ದಿಬ್ಬ ಹತ್ತಿ ನಿಂತ. ಪಾದ್ರಿಯ ಪ್ರಾರ್ಥನೆ ಮುಗಿಯಿತು. ಅವನು ಮತ್ತೆ ಊದತೊಡಗಿದ. ಮಣ್ಣಿನ ಕೆಲಸ ನೋಡಿಕೊಳ್ಳುವ ಹ್ಯೂಗೀ ಒಬ್ಬೊಬ್ಬರ ಹೆಸರು ಕೂಗಿ ಹಗ್ಗ ಕೈಗಿತ್ತ. ಕಾಲಿನ ಕಡೆಯ ಕೊನೆಯದು ಹುಲ್ಲಿನ ಮೇಲೆ ಬಿದ್ದಿತ್ತು. ಹ್ಯೂಗೀ ಸುತ್ತಲೂ ನೋಡಿದ.

"ನಾರ್ಮನ್, ನೀನೇ ಬಾಪ್ಪ, ಒಂದು ಕೈ ಕೊಡು."

ನಾರ್ಮನ್ ಎಂದರೆ ಅಂಗಡಿಯವನು. ಡೋಲಿನಾಗೆ ಹಿಟ್ಟು, ಚಹಾಪುಡಿ ಕೊಟ್ಟದ್ದು ಬಿಟ್ಟರೆ ಅವನಿಗೂ ಅವಳಿಗೂ ಏನೂ ಇರಲಿಲ್ಲ. ಅವನು ಟೋಪಿ ತೆಗೆದು ಕೋಟಿನ ಜೇಬಿಗೆ ತುರುಕಿ ಮುಂದೆ ಹೆಜ್ಜೆಯಿಟ್ಟ.

ಆಗ ಪೈಪು ನಿಂತಿತು.

ಮಟ್ಟಿನ ಕೊನೆಯಲ್ಲಲ್ಲ, ಸಾಲಿನ ಕೊನೆಯಲ್ಲೂ ಅಲ್ಲ, ಸ್ವರದ ನಡುವೆ. ಫಾರ್ಕರ್ ದಿಬ್ಬದಿಂದ ಇಳಿದು ಪೈಪನ್ನು ಹುಲ್ಲಿನ ಮೇಲಿಟ್ಟ. ತಿತ್ತಿಯಲ್ಲಿ ಉಳಿದಿದ್ದ ಗಾಳಿ ಕರುವಿನ ದನಿಯಲ್ಲಿ ನರಳಿ ಆರಿತು. ಅವನು ಬಗ್ಗಿ ಹಗ್ಗ ಎತ್ತಿಕೊಂಡ. ನಾರ್ಮನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಗಾಳಿಯ ಸದ್ದಿನಲ್ಲೇ ಡೋಲಿನಾಳನ್ನು ಇಳಿಸಿದರು. ಹಗ್ಗ ಅವನ ಅಂಗೈಯಲ್ಲಿ ಜಾರುತ್ತಾ ಹೋಯಿತು. ಅವಳ ಭಾರ ತನ್ನ ಪಾಲಿಗೂ ಒಂದಿಷ್ಟು ಬಂತಲ್ಲ ಎಂದು ಅವನಿಗೆ ದುಃಖದ ನಡುವೆಯೂ ಸಮಾಧಾನವಾಯಿತು.

ಊರಿಗೆ ಕಂಡದ್ದೇ ಬೇರೆ. ಸಂಜೆಯೊಳಗೆ ನಾರ್ಮನ್‌ನ ಅಂಗಡಿಯಲ್ಲಿ ತೀರ್ಪಾಗಿತ್ತು.

"ಫಾರ್ಕರ್ ಕಥೆ ಮುಗೀತು ಕಣ್ರೀ. ನಡುವೆ ಮಟ್ಟೇ ಮರ್ತೋಯ್ತು."

"ಯಾರಿಗೂ ಗೊತ್ತಿಲ್ಲದ್ದು ಯಾವುದೋ ಹಿಡ್ಕೊಂಡಿದ್ದ. ಅದೂ ಕೈಕೊಡ್ತು."

"ಹಗ್ಗ ಒಂದು ಬಿದ್ದಿತ್ತಲ್ಲ, ಮಾನ ಉಳೀತು. ಇಲ್ದಿದ್ರೆ ಅಲ್ಲೇ ದಿಬ್ಬದ ಮೇಲೆ ಪಿಳಿಪಿಳಿ ಅಂತ ನಿಂತಿರ್ತಿದ್ದ."

ಎಲ್ಲರಿಗೂ ಪಾಪ ಅನ್ನಿಸಿತು. ನಮ್ಮ ಕಡೆಯ ಪಾಪ ಬಹಳ ಗಟ್ಟಿ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮುಂದಿನ ಸಾವಿಗೆ ಶಾಲೆಯ ಸಂಗೀತದ ಟೀಚರನ್ನು ಕರೆದರು. ಫಾರ್ಕರ್ ಕೋಟು ಹಾಕಿಕೊಂಡು ಹೋದ, ಜನ್ಮದಲ್ಲಿ ಮೊದಲ ಸಲ ಎಲ್ಲರ ಹಿಂದೆ ನಡೆದ. ಆಕೆ ಚೆನ್ನಾಗಿಯೇ ಊದಿದಳು. ಆದರೆ ಅದು ಆ ಮನೆಯ ಹಿರಿಮಗಳ ಮದುವೆಯ ಮಟ್ಟು. ಕೇಳಿದ್ಯಾ ಡೋಲಿನಾ ಎನ್ನಲು ಅವನು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ನಾರ್ಮನ್ ನಡೆಯುತ್ತಿದ್ದ.

"ಏನು ಫಾರ್ಕರ್?" ಎಂದು ನಾರ್ಮನ್ ಕಿವಿ ಕೇಳದವರೊಂದಿಗೆ ಮಾತಾಡುವ ಹಾಗೆ ಜೋರಾಗಿ ಕೇಳಿದ.

"ಏನಿಲ್ಲ."

ಒಲೆಯ ಉರುವಲಿಗೆ ಜೌಗುಮಣ್ಣಿನ ಹೆಂಟೆ ಕಡಿದು ಒಣಹಾಕುವ ಕಾಲಕ್ಕೆ ಇಶ್‌ಬೆಲ್ ಒಂದು ದಿನ ಬಂದಳು. ಬಂದವಳು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರದೆ ಬಾಗಿಲಿಗೊರಗಿ ನಿಂತಳು.

"ಮಾಮ, ಬೇಜಾರು ಮಾಡ್ಕೋಬೇಡಿ. ಡಾಕ್ಟ್ರಿಗೆ ತೋರಿಸ್ಕೊಂಡು ಬರೋಣ್ವಾ? ನಾನೇ ಕರ್ಕೊಂಡು ಹೋಗ್ತೀನಿ."

"ಯಾಕೆ?"

"ಈ ಮರೆವು... ಈಗ ಮಾತ್ರೆ ಎಲ್ಲ ಇದೆಯಂತೆ."

"ನಂಗೆ ಯಾವ ಮರೆವೂ ಇಲ್ಲ."

"ಮರೀದೆ ಯಾರಾದ್ರೂ ನಡುವೆ ನಿಲ್ಲಿಸ್ತಾರಾ ಮಾಮ?"

"ಹಗ್ಗ ಬಿದ್ದಿತ್ತಲ್ಲ."

"ನಾರ್ಮನ್ ತಗೊಳಕ್ಕೆ ಬರ್ತಿದ್ರು."

"ನೋಡ್ದೆ. ಅದಕ್ಕೇ ಅಷ್ಟು ಅವಸರ ಮಾಡ್ದೆ."

ಇಶ್‌ಬೆಲ್ ಅವನ ಮುಖವನ್ನೇ ನೋಡಿದಳು. ಆಮೇಲೆ ಕುರ್ಚಿಯನ್ನು, ಬೇಲಿಯಾಚೆಯ ಬಾಗಿಲು ಮುಚ್ಚಿದ ಮನೆಯನ್ನು ನೋಡಿದಳು.

"ಒಂದು ಮಾತು ಬಾಯ್ಬಿಟ್ಟಿದ್ರೆ ತಲೆ ಹತ್ರದ್ದೇ ಕೊಡ್ತಿದ್ನಲ್ಲ ಮಾಮ."

"ಕೇಳೋ ಹಾಗಿಲ್ವಲ್ಲಮ್ಮ."

"ಹೌದು. ಕೇಳೋ ಹಾಗಿಲ್ಲ." ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. "ನಾನು ಈಗ್ಲೇ ಹೋಗಿ ಅಂಗಡೀಲಿ ಹೇಳ್ತೀನಿ, ನೀವೇನೂ ಮರ್ತಿರ್ಲಿಲ್ಲ ಅಂತ."

"ಬೇಡ. ಹಾಗಾದ್ರೆ ಯಾಕೆ ನಿಲ್ಲಿಸ್ದ ಅಂತ ಕೇಳ್ತಾರೆ. ಆಮೇಲೆ ನಿಮ್ಮಮ್ಮನ್ನ ಆಡ್ಕೊತಾರೆ. ಮರೆತ ಅಂತಲೇ ಇರ್ಲಿ."

"ನಿಮ್ಮನ್ನ ಇನ್ಯಾರೂ ಊದೋಕೆ ಕರಿಯಲ್ಲ ಮಾಮ."

"ಕರೆದ್ರೂ ಏನು ನುಡಿಸ್ಲಿ?" ಎಂದ ಫಾರ್ಕರ್. "ಯಾವುದು ಅಂತ ಹೇಳೋರೇ ಇಲ್ವಲ್ಲ."