ಬೀರಮ್ಮ ಕೊಟ್ಟ ಮೊಟ್ಟೆಗಳು

ಬೀರಮ್ಮ ತೀರಿಕೊಂಡ ಮೇಲೆ ಅವಳ ಕೋಳಿಗಳು ನನ್ನ ಹಿತ್ತಿಲಿಗೆ ಬಂದವು. ಅವನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ಸತ್ತಿದ್ದ, ಮಕ್ಕಳಾಗಿರಲಿಲ್ಲ. ನಮ್ಮೂರು ಹೊಳಲಿನಲ್ಲಿ ಅವಳಿಗೆ ಇದ್ದದ್ದು ಒಂದು ಹೆಂಚಿನ ಮನೆ, ಅದರ ಹಿಂದೆ ಹಿತ್ತಿಲು, ಹಿತ್ತಿಲ ತುಂಬ ಕೋಳಿ. ಅದು ಬಿಟ್ಟರೆ ಬೇಲಿಯಾಚೆಯ ಸೋಮಮ್ಮ, ಈಚೆ ಮನೆಯ ನಾನು.

ನಮ್ಮಿಬ್ಬರಲ್ಲಿ ಅವಳಿಗೆ ಸೋಮಮ್ಮನೇ ಹೆಚ್ಚು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ನಾನು ದುದ್ದದ ಮೇಷ್ಟರ ಮಗಳು, ಮದುವೆಯಾಗಿ ಬಂದವಳು, ಬಿಡುವಾದರೆ ಪುಸ್ತಕ ಹಿಡಿದು ಕೂರುವವಳು. ಸೋಮಮ್ಮ ಅವಳ ತವರಿನ ಕಡೆಯವಳು. ಇಬ್ಬರೂ ಒಟ್ಟಿಗೆ ಕಳೆ ಕೀಳುತ್ತಿದ್ದರು, ಒಂದೇ ಒರಳಿನಲ್ಲಿ ಖಾರ ರುಬ್ಬುತ್ತಿದ್ದರು. ಸೋಮಮ್ಮನ ಮಗಳು ದೇವೀರಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಬೀರಮ್ಮ. ಎರಡು ಹಿತ್ತಿಲುಗಳ ನಡುವಿನ ಕಳ್ಳಿ ಬೇಲಿಯಲ್ಲಿ ಒಂದು ಕಿಂಡಿ ಇತ್ತು. ಬೀರಮ್ಮ ಓಡಾಡಿ ಓಡಾಡಿಯೇ ಆದ ಕಿಂಡಿ ಅದು.

ನಾಲೆಯ ನೀರು ನಮ್ಮ ಗದ್ದೆಗಳಿಗೆ ಬಂದ ಮೇಲೆ ಭತ್ತ, ಕಬ್ಬು ಬಂದ ಹಾಗೆಯೇ ಸೊಳ್ಳೆಯೂ ಬಂತು, ಚಳಿಜ್ವರವೂ ಬಂತು. ಯುದ್ಧದ ಆ ವರ್ಷಗಳಲ್ಲಿ ದೇವೀರಿ ಜ್ವರ ಬಿದ್ದು ಎದ್ದು ಕಡ್ಡಿಯಾಗಿಬಿಟ್ಟಳು. ಮಂಡ್ಯದ ಡಾಕ್ಟರು ಮಗುವಿಗೆ ದಿನಾ ಒಂದು ಮೊಟ್ಟೆ ಕೊಡಿ ಎಂದರು. ಸೋಮಮ್ಮನ ಮನೆಯಲ್ಲಿ ಕೋಳಿ ಇರಲಿಲ್ಲ. ಬೀರಮ್ಮ ಅಂದಿನಿಂದ ಪೇಟೆಗೆ ಮೊಟ್ಟೆ ಕಳಿಸುವುದನ್ನೇ ಬಿಟ್ಟಳು. ಬೆಳಿಗ್ಗೆ ಕೋಳಿಗಳನ್ನು ಮುಚ್ಚಿದ ಮಂಕರಿ ಎತ್ತಿ, ಸಿಕ್ಕಿದ ಮೊಟ್ಟೆಯನ್ನು ಸೆರಗಿನಲ್ಲಿ ಇಟ್ಟುಕೊಂಡು ಕಿಂಡಿ ದಾಟುತ್ತಿದ್ದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ವಲ್ಪ ಹೊತ್ತು ಆಡಿಸಿ ಬರುತ್ತಿದ್ದಳು.

ಹೀಗೇ ನಡೆಯುತ್ತಿರುವಾಗ ಕೋಳಿಗಳು ಮೊಟ್ಟೆ ತಿನ್ನಲು ಶುರುಮಾಡಿದವು.

ಮೊದಲು ಕೆಂಪಿ. ಅವಳ ಕೋಳಿಗಳಲ್ಲೆಲ್ಲ ಚೆನ್ನಾಗಿ ಇಡುತ್ತಿದ್ದ ಹ್ಯಾಟೆ ಅದು. ಇಟ್ಟು ಎದ್ದ ಮರುಗಳಿಗೆಗೆ ತಿರುಗಿ ನಿಂತು ತನ್ನ ಮೊಟ್ಟೆಯನ್ನು ತಾನೇ ಕುಕ್ಕಿ, ಹೀರಿ, ಚಿಪ್ಪನ್ನೂ ಬಿಡುತ್ತಿರಲಿಲ್ಲ. ನೋಡಿ ನೋಡಿ ಉಳಿದವೂ ಕಲಿತವು. ಬೀರಮ್ಮ ಬರಿಗೈಲಿ ನನ್ನ ಜಗಲಿಗೆ ಬಂದು ಕೂತಳು.

"ಮಗೀಗೇನ್ ಕೊಡ್ಲಿ ನಂಜವ್ವ? ಹೆತ್ತಿದ್ನೇ ತಿನ್ನೋ ಮುಂಡೇವು."

"ಸುಣ್ಣ ಸಾಲದೇನೋ. ಚಿಪ್ಪು ಸುಟ್ಟು ಪುಡಿ ಮಾಡಿ ತವುಡಿಗೆ ಬೆರೆಸಿ ಹಾಕು" ಎಂದೆ. ಹಾಕಿದಳು. ಅದನ್ನೂ ತಿಂದವು, ಮೊಟ್ಟೆಯನ್ನೂ ತಿಂದವು.

ಒಂದು ಮೊಟ್ಟೆಯ ಒಳಗನ್ನು ಬಸಿದು, ಗುಂಟೂರು ಮೆಣಸಿನಕಾಯಿ ಅರೆದು ತುಂಬಿ ಇಟ್ಟಳು. ಅರೆದ ಕೈ ಉರಿಯುತ್ತಿದೆ ಎಂದು ಅವಳು ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂತಿದ್ದರೆ, ಕೆಂಪಿ ಬಂದು ಖಾರವನ್ನೆಲ್ಲ ಸವರಿ ಕೊಕ್ಕು ಒರೆಸಿಕೊಂಡು ಹೋಯಿತು. ಬೇಲಿ ಪಕ್ಕ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಪುಟ್ಟಮಾದಯ್ಯ ನಿಂತು ನೋಡಿದ.

"ಬೀರಕ್ಕ, ಖಾರ ಒಳೀಕೆ ಓಗೈತೆ. ಇನ್ನು ಉಪ್ಪಾಕಿ ಬೇಯ್ಸೋದೊಂದೇ ಬಾಕಿ."

"ನಿನ್ ಬಾಯ್ಗೆ ನನ್ ಕೆಂಪಿ ಬೀಳಾಕಿಲ್ಲ, ಓಗ್ಲಾ."

"ಮೊಟ್ಟೆ ತಿನ್ನೋ ಕೋಳಿ ಮನೇಲಿ ಇಟ್ಕೊಂಡೋರುಂಟಾ? ಕೊಯ್ದು ಬುಡು."

ಊರಿನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅದನ್ನೇ. ಬೀರಮ್ಮ ಕೊಯ್ಯಲಿಲ್ಲ. ಕೆಂಪಿಯನ್ನು ಕೊಯ್ದರೆ ದೇವೀರಿಗೆ ಮೊಟ್ಟೆ ಎಲ್ಲಿಂದ? ಕೊಕ್ಕಿನ ಚೂಪನ್ನು ಒರಳುಕಲ್ಲಿಗೆ ಮೆಲ್ಲಗೆ ಉಜ್ಜಿ ಮೊಂಡು ಮಾಡಿದಳು. ಹೊಳೆಯ ಬೆಣಚುಕಲ್ಲನ್ನು ಗೂಡಿನಲ್ಲಿಟ್ಟು ಕುಕ್ಕಿ ಕುಕ್ಕಿ ಸೋಲಲಿ ಎಂದಳು. ಕೊನೆಗೆ ಒಂದು ಹಳೆಯ ಮೊರವನ್ನು ಇಳಿಜಾರಾಗಿ ಕಟ್ಟಿ, ಮೇಲೆ ಗೋಣಿತಾಟು ಇಳಿಬಿಟ್ಟು ಕತ್ತಲು ಮಾಡಿ, ಇಟ್ಟ ಮೊಟ್ಟೆ ಉರುಳಿ ಕೆಳಗಿನ ಹೊಟ್ಟಿನ ಬುಟ್ಟಿಗೆ ಬೀಳುವ ಹಾಗೆ ಮಾಡಿದಳು. ಕೆಂಪಿ ತಿರುಗಿ ನೋಡುವಷ್ಟರಲ್ಲಿ ಮೊಟ್ಟೆ ಇರುತ್ತಿರಲಿಲ್ಲ. ಬೀರಮ್ಮ ಗೆದ್ದಳು. ಮತ್ತೆ ಸೆರಗಿನಲ್ಲಿ ಮೊಟ್ಟೆ ಇಟ್ಟುಕೊಂಡು ಕಿಂಡಿ ದಾಟಿದಳು.

ಆದರೂ ಕೆಂಪಿಯ ಚಪಲ ಹೋಗಿರಲಿಲ್ಲ. ಬೆಳಗಿನ ಹೊತ್ತು, ಬೀರಮ್ಮ ಸೋಮಮ್ಮನ ಮನೆಯಿಂದ ಬಂದ ಸ್ವಲ್ಪ ಹೊತ್ತಿಗೆ, ಅದು ಕೊರಳು ಚಾಚಿ ತಿಪ್ಪೆಯ ಕಡೆ ಓಡುತ್ತಿತ್ತು. ಒಂದು ದಿನ ವಾಪಸು ಬಂದಾಗ ಕೊಕ್ಕೆಲ್ಲ ಕೆಂಪು. ಮುಂಗುಸಿ ಕಚ್ಚಿತೆಂದು ಬೀರಮ್ಮ ಅದನ್ನು ಹಿಡಿದುಕೊಂಡು ನನ್ನ ಬಳಿ ಓಡಿಬಂದಳು. ಒರೆಸಿ ನೋಡಿದರೆ ಗಾಯವಿಲ್ಲ. ನನ್ನ ಬೆರಳಿಗೆ ಅಂಟಿದ್ದು ಕುಂಕುಮ.

ಮಾರನೆಯ ದಿನ ಕೆಂಪಿ ಓಡಿದಾಗ ನಾವಿಬ್ಬರೂ ಹಿಂದೆಯೇ ಹೋದೆವು. ತಿಪ್ಪೆಯ ಹಿಂದೆ, ಬೇಲಿಯ ಮೂಲೆಯಲ್ಲಿ, ಆಗ ತಾನೇ ಒಡೆದ ಮೊಟ್ಟೆ ಬಿದ್ದಿತ್ತು. ಚಿಪ್ಪಿನ ಮೇಲೆ ಮಸಿಯ ಬೊಟ್ಟು, ಕುಂಕುಮದ ಬೊಟ್ಟು. ಸುತ್ತಲೂ ಹಳೆಯ ಚಿಪ್ಪಿನ ಚೂರುಗಳು ಮಣ್ಣಿನಲ್ಲಿ ಸೇರಿಹೋಗಿದ್ದವು. ಮಗುವಿಗೆ ದೃಷ್ಟಿ ತೆಗೆದು ಹಾಕಿದ ಮೊಟ್ಟೆ ಎಂದು ನಮ್ಮ ಕಡೆ ಯಾರಿಗೂ ಹೇಳಬೇಕಾಗಿಲ್ಲ. ಅದನ್ನು ಮೂರು ದಾರಿ ಕೂಡುವಲ್ಲಿ ಒಡೆಯುವುದು ವಾಡಿಕೆ. ಹಿತ್ತಿಲಿಗೆ ಯಾರೂ ಎಸೆಯುವುದಿಲ್ಲ.

ಬೇಲಿಯಾಚೆ ಸೋಮಮ್ಮ ಇನ್ನೂ ಕೈ ತೊಳೆಯುತ್ತ ನಿಂತಿದ್ದಳು.

ಬೀರಮ್ಮ ಬಗ್ಗಿ ಚಿಪ್ಪನ್ನು ಎತ್ತಿಕೊಂಡಳು. "ಇದು ನಾನೀಗ ತಂದ್ಕೊಟ್ಟಿದ್ದಲ್ವೇನಮ್ಮಿ, ಸೋಮಿ?"

ಸೋಮಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಯಾರ್ ಕಣ್ಣಾಗಿತ್ತು ಮಗೀಗೆ?"

"ನಮ್ಮತ್ತೆ ಯೋಳ್ತದೆ ಕಣಕ್ಕ. ನೀ ಬಂದೋದ್ ಮ್ಯಾಲೆ ಮಗ ಅಳ್ತದೆ ಅಂತ."

"ನಾ ಎದ್ ಬತ್ತೀನಿ ಅಂತ ಅಳ್ತದೆ ಕಣೆ ಅದು."

"ಮಕ್ಕಳಿಲ್ದೋರ ಆಸೆ ಕಣ್ಣು ಅಂತಾರೆ. ನಾನೇನ್ ಮಾಡ್ಲಿ? ಇರೋದೊಂದು. ಬೀದೀಲಿ ಒಡುದ್ರೆ ನೀ ನೋಡಿ ನೊಂದ್ಕೋತೀಯ ಅಂತ ಇಲ್ ಎಸ್ದೆ. ನಿನ್ಗೋಸ್ಕರವೇ ಅಕ್ಕ."

ಬೀರಮ್ಮ ಚಿಪ್ಪನ್ನು ಬೇಲಿಯ ಬುಡದಲ್ಲಿ ಇಟ್ಟಳು. ಆಮೇಲೆ ಹೇಳಿದ್ದು ಇಷ್ಟೇ: "ನನ್ನ ಬರಬ್ಯಾಡ ಅಂದಿದ್ರೆ ಬತ್ತಿರ್ನಿಲ್ಲ. ಮೊಟ್ಟೆನಾದ್ರೂ ಮಗೀಗ್ ತಿನ್ನುಸ್ಬೌದಾಗಿತ್ತು."

ಆ ಮಧ್ಯಾಹ್ನವೇ ಜಾಲಿಮುಳ್ಳು ಕಡಿದು ತಂದು ಕಿಂಡಿಗೆ ತುಂಬಿದಳು. ನಾನು ಕೈಹಾಕಲು ಹೋದರೆ ಬೇಡ ಎಂದಳು. ತಿಪ್ಪೆಯ ಮೂಲೆಯನ್ನೂ ಮುಚ್ಚಿದಳು. ಕೋಳಿಗಳಿಗೆ ಮೊಟ್ಟೆಯ ರುಚಿ ಹತ್ತಿದ್ದೇ ಅಲ್ಲಿ. ಅಂದಿನಿಂದ ಅವಕ್ಕೆ ಅಲ್ಲಿ ಏನೂ ಸಿಗಲಿಲ್ಲ. ಬರುಬರುತ್ತ ರುಚಿ ಮರೆತವು. ಮೊರ ಬಿಚ್ಚಿದ ಮೇಲೂ ಕೆಂಪಿ ಮೊಟ್ಟೆ ಕುಕ್ಕಲಿಲ್ಲ. ಮೊಟ್ಟೆಗಳು ಮತ್ತೆ ಮಂಡ್ಯದ ಪೇಟೆಗೆ ಹೋದವು. ದೇವೀರಿ ಬೇಲಿಯ ಆಚೆ ನಿಂತು "ಬೀಲವ್ವ" ಎಂದು ಕೂಗುತ್ತಿತ್ತು. ಬೀರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಮಗುವನ್ನು ನೋಡಬಾರದೆಂದು ಅವಳೇ ನಂಬಿಕೊಂಡುಬಿಟ್ಟಿದ್ದಳು. ಸೋಮಮ್ಮ ಮಾಡಿದ್ದರಲ್ಲಿ ನನಗೆ ಕ್ಷಮಿಸಲಾಗದ್ದು ಇದೇ.

ನಲವತ್ತಾರರ ಮಳೆಗಾಲದಲ್ಲಿ ಚಳಿಜ್ವರ ಬೀರಮ್ಮನನ್ನೇ ಹಿಡಿಯಿತು. ಕೊನೆಯ ದಿನಗಳಲ್ಲಿ ಒಂದು ಬಾರಿ ಎಚ್ಚರವಾಗಿ, "ದೇವೀರೀನ ಕರ್ಕೊಂಬಾ ನಂಜವ್ವ. ಒಳೀಕೆ ಬ್ಯಾಡ. ಬಾಗ್ಲಲ್ಲಿ ನಿಲ್ಸು, ದೂರ್ದಿಂದ್ಲೇ ನೋಡ್ತೀನಿ" ಎಂದಳು. ನಾನು ಸೋಮಮ್ಮನ ಮನೆಗೆ ಹೋದೆ.

"ಮಗೀಗೆ ಮೈ ಬಿಸಿಯಾಗೈತೆ ಕಣಕ್ಕ" ಎಂದಳು ಸೋಮಮ್ಮ. ಅವಳ ಬೆನ್ನ ಹಿಂದೆ ಅಂಗಳದಲ್ಲಿ ದೇವೀರಿ ಕುಂಟೆಬಿಲ್ಲೆ ಆಡುತ್ತಿದ್ದಳು. ನಾನು ವಾಪಸು ಬಂದು ಮಗು ಮಲಗಿದೆ ಎಂದೆ. ಬೀರಮ್ಮ, "ಏಳಿಸ್ಬ್ಯಾಡ" ಎಂದಳು.

ಮಣ್ಣಿಗೆ ಹೋಗುವಾಗ ಊರಿನವರಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವಳು ಸೋಮಮ್ಮ. ಆ ಅಳು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೋಳಿಗಳನ್ನು ಹಿಡಿದು ತರಲು ಬೀರಮ್ಮನ ಹಿತ್ತಿಲಿಗೆ ಹೋದೆ. ಕೆಂಪಿ ಕಾಣಲಿಲ್ಲ. ಹುಡುಕಿದರೆ ತಿಪ್ಪೆಯ ಹಿಂದೆ, ಮುಳ್ಳಿನ ಪಕ್ಕ ಕುಕ್ಕುತ್ತ ನಿಂತಿತ್ತು. ಅದರ ಮುಂದೆ ಒಡೆದ ಮೊಟ್ಟೆ, ಚಿಪ್ಪಿನ ಮೇಲೆ ಮಸಿ, ಕುಂಕುಮ. ಸೋಮಮ್ಮ ಎಲ್ಲಿಂದಲೋ ಮೊಟ್ಟೆ ತರಿಸಿ, ಸತ್ತವಳ ಕಣ್ಣಿಗೂ ದೃಷ್ಟಿ ತೆಗೆದು, ಈಗ ನೋಡಿ ನೊಂದುಕೊಳ್ಳುವವರು ಇಲ್ಲದಿದ್ದರೂ ಹಳೆಯ ಜಾಗಕ್ಕೇ ಎಸೆದಿದ್ದಳು.

ಕೆಂಪಿಯನ್ನು ಕಂಕುಳಲ್ಲಿ ಇರುಕಿಕೊಂಡು ಕೊಕ್ಕು ಒರೆಸಿದೆ. ಉಳಿದದ್ದಕ್ಕೆ ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ. ಬೀರಮ್ಮನ ಹಳೆಯ ಮೊರವನ್ನು ಹುಡುಕಿ ಮನೆಗೆ ತಂದು, ಅವಳು ಕಟ್ಟಿದ್ದ ಹಾಗೆಯೇ ಇಳಿಜಾರಾಗಿ ಕಟ್ಟಲು ಕೂತೆ.