ಅಕ್ಕನ ರಾಟೆಗೆ ಐದು ಆಂಪಿಯರ್

ಮೀಟರ್ ಮಾಮ ಅಂದರೆ ಬೀದಿಗೆಲ್ಲ ಗೊತ್ತು. ನಲವತ್ತು ವರ್ಷದಿಂದ ರೇಡಿಯೋ, ಫ್ಯಾನು ರಿಪೇರಿ ಮಾಡುವ ಈ ಮನುಷ್ಯನ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಕರೆಂಟು ಅಳೆಯುವ ಮೀಟರ್ ಇದ್ದೇ ಇರುತ್ತದೆ. ಅಡಾಪ್ಟರ್ ಕೊಳ್ಳಲು ಬಂದವರಿಗೆ ಪಾಠ ತಪ್ಪಿದ್ದಲ್ಲ: "ವೋಲ್ಟ್ ಸರಿಯಿದ್ರೆ ಆಯ್ತಾ? ಆಂಪಿಯರ್ ಯಾರು ನೋಡ್ತಾರೆ, ನಿಮ್ಮಜ್ಜನಾ?"

ಇಂಥವನೂ ಎಡವಿದ, ಅದೂ ಸ್ವಂತ ಅಕ್ಕನ ವಿಷಯದಲ್ಲಿ.

ಅಕ್ಕ ಸ್ವೆಟರ್ ಹೆಣೆಯುವವಳು. ಉಣ್ಣೆಯನ್ನು ಉಂಡೆ ಸುತ್ತಲು ಅವಳ ಬಳಿ ಒಂದು ಪುಟ್ಟ ರಾಟೆಯಿದೆ. ಮಣಿಕಟ್ಟಿನ ನೋವಿನಿಂದ ಅದರ ಹಿಡಿ ತಿರುಗಿಸಲಾರದೆ, "ಪಕ್ಕದ್ಮನೆಯವಳಿಗೆ ಕೊಟ್ಬಿಡ್ತೀನಿ ಕಣೋ, ಸಾಕು ಈ ಹೆಣಿಗೆ" ಅಂದುಬಿಟ್ಟಳು. ತಮ್ಮ ಬಿಡಲಿಲ್ಲ. "ಭಾನುವಾರದ ತನಕ ತಡಿ" ಎಂದು ಬೇಡಿಕೊಂಡು, ರಾಟೆಗೆ ಹನ್ನೆರಡು ವೋಲ್ಟಿನ ಮೋಟಾರು ಕೂರಿಸಿದ. ಅವಳು ಎತ್ತಿಡಲು ಹಗುರವಾಗಿರಲಿ ಎಂದು ಅಂಗೈಯಗಲದ, ಒಂದೇ ಆಂಪಿಯರಿನ ಅಡಾಪ್ಟರ್ ಹುಡುಕಿದ. ಉಣ್ಣೆ ಹಾಕದೆ ಬರಿ ರಾಟೆ ತಿರುಗಿಸಿ ಅಳೆದರೆ ಅರ್ಧ ಆಂಪಿಯರೂ ಇಲ್ಲ. ಭೇಷ್!

ಭಾನುವಾರ ಬೆಳಿಗ್ಗೆ ಅಕ್ಕ ಉಣ್ಣೆ ಹಾಕಿ ಸ್ವಿಚ್ ಒತ್ತಿದಳು. ರಾಟೆ ಒಮ್ಮೆ ಮುಲುಗಿ ನಿಂತಿತು. ಮತ್ತೆ ಒತ್ತಿದರೆ ಮತ್ತದೇ ರಾಗ. ಮೀಟರ್ ಮಾಮನ ಮುಖ ಸಣ್ಣದಾಯಿತು. "ಹಾಳಾದ್ದು!" ಎಂದ.

"ಬೈಬೇಡ್ವೋ ಅದನ್ನ," ಅಂದಳು ಅಕ್ಕ. "ನನ್ ಕೈಗೂ ಹೀಗೇ. ಒಂದ್ಸಲ ತಿರುಗಿದ್ರೆ ಆಮೇಲೆ ಏನಿಲ್ಲ. ಮೊದಲ್ನೇ ಎಳೆತಕ್ಕೇ ಜೀವ ಹೋಗೋದು."

ಅವನು ಹಣೆ ಚಚ್ಚಿಕೊಂಡ. ಭಾರ ಹೊತ್ತು ನಿಂತ ಮೋಟಾರು ಹೊರಡುವಾಗಲೇ ತಾನೆ ಹೆಚ್ಚು ಕರೆಂಟು ಎಳೆಯುವುದು! ಅದಕ್ಕೆ ಒಂದು ಆಂಪಿಯರ್ ಎಲ್ಲಿ ಸಾಲುತ್ತದೆ? ಊರಿಗೆಲ್ಲ ಹೇಳಿದ್ದು ತನಗೇ ಮರೆತಿತ್ತು. ಅಂಗಡಿಗೆ ಓಡಿ, ತನ್ನ ಕೆಲಸದ ಮೇಜಿನ ಐದು ಆಂಪಿಯರಿನ ಪವರ್ ಸಪ್ಲೈ ಹೊತ್ತು ತಂದ. ಇಪ್ಪತ್ತು ವರ್ಷದಿಂದ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಅಯ್ಯೋ, ಇಷ್ಟು ದೊಡ್ಡದು ಮೋಟಾರನ್ನ ಸುಟ್ಟುಹಾಕಲ್ವೇನೋ?"

"ವೋಲ್ಟ್ ಅದೇ ತಾನೆ ಅಕ್ಕ? ಆಂಪಿಯರ್ ಎಷ್ಟಿದ್ರೂ ಮೋಟಾರು ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಇರಬೇಕು."

"ಮತ್ತೆ ನಿನ್ ಅಂಗಡಿಗೆ?"

"ಹಳೇ ಬ್ಯಾಟರಿ ಇದೆ, ಬಿಡು."

ಅಕ್ಕ ಎತ್ತುವ ಗೋಜೇ ಬೇಡವೆಂದು ಅದನ್ನು ಮೇಜಿನ ಕೆಳಗೆ ಸ್ಕ್ರೂ ಹಾಕಿ ಭದ್ರಮಾಡಿದ. ಈ ಸಲ ರಾಟೆ ಗರ್ರನೆ ತಿರುಗಿತು. ಮೊದಲ ಉಂಡೆ ಕೈಗೆ ಬಂದಾಗ ಅಕ್ಕನ ಕಣ್ಣು ತುಂಬಿತ್ತು. ಒರೆಸಿಕೊಂಡು, ಟೇಪು ಹಿಡಿದು ಎದ್ದಳು.

"ಬಾ ಇಲ್ಲಿ, ನೆಟ್ಟಗೆ ನಿಲ್ಲು."

ಕಂಡದ್ದನ್ನೆಲ್ಲ ಅಳೆಯುವವನು ಅರವತ್ತರ ವಯಸ್ಸಿನಲ್ಲಿ ಕೈಯೆತ್ತಿ ಸುಮ್ಮನೆ ನಿಂತ.

"ಎದೆ ನಲವತ್ತು," ಅಂದಳು ಅಕ್ಕ. "ನಲವತ್ತೆರಡಕ್ಕೇ ಹೆಣೀತೀನಿ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಇರಲಿ. ಬೆಳೆಯೋ ಮಗು ನೀನು."